ಪೋಲೋ ಜಿಟಿಗೆ ಲೋವರಿಂಗ್ ಸ್ಪ್ರಿಂಗ್: ಹಳೇ ಶಾಕ್ಸ್ ಮೇಲೇ ಹಾಕಿದ್ರೆ ನಡೆಯುತ್ತಾ?

ಟಿಎಸ್‌ಐ_ತಮ್ಮಣ್ಣ (ಬೆಂಗಳೂರು)
ಎಲ್ಲರಿಗೂ ನಮಸ್ಕಾರ. ನನ್ನದು 2015ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. 1.2 ಪೆಟ್ರೋಲ್ ಎಂಜಿನ್, ಡಿಎಸ್‌ಜಿ (ಆಟೋಮ್ಯಾಟಿಕ್ ಗೇರ್), 82 ಸಾವಿರ ಕಿ.ಮೀ. ಓಡಿದೆ, ನಾನು ಎರಡನೇ ಓನರ್. ಎಂಜಿನ್ ಬಗ್ಗೆ ಒಂದು ಮಾತಿಲ್ಲ. ಆದ್ರೆ ಮೈಸೂರು ಎಕ್ಸ್‌ಪ್ರೆಸ್‌ವೇಲಿ ನೂರು ದಾಟಿದ ಮೇಲೆ ಫ್ಲೈಓವರ್ ಜಾಯಿಂಟ್ ಸಿಕ್ಕಿದ್ರೆ ಹಿಂದಗಡೆ ಎರಡು ಸಲ ಕುಣಿದು ಆಮೇಲೆ ಸುಮ್ಮನಾಗುತ್ತೆ. ಹೋದ ವಾರ ಚಾರ್ಮಾಡಿ ಇಳೀತಾ ಪ್ರತಿ ತಿರುವಿನಲ್ಲೂ ಗಾಡಿ ಒಂದು ಕಡೆ ವಾಲಿ, ಪಕ್ಕದಲ್ಲಿ ಕೂತಿದ್ದ ಅಮ್ಮ ಮೇಲಿನ ಹಿಡಿ ಬಿಡಲೇ ಇಲ್ಲ. ಟೈರ್ 195/60 ಆರ್15, ಹೊಸದು.
ಗಾಡಿ ಎತ್ತರ 35 ಮಿ.ಮೀ. ಇಳಿಸೋ ಸ್ಪ್ರಿಂಗ್ ಸೆಟ್ ಒಬ್ಬರ ಹತ್ರ ಇದೆ, ಆರು ತಿಂಗಳು ಓಡಿಸಿದ್ದು. ಶಾಕ್ಸ್ (ಶಾಕ್ ಅಬ್ಸಾರ್ಬರ್) ಹಳೇದೇ ಇಟ್ಟು ಬರೀ ಸ್ಪ್ರಿಂಗ್ ಹಾಕಿಸೋಣ ಅಂತ. ಸರಿಯಾ?

ಮೂರನೇಗೇರ್
ಎಕ್ಸ್‌ಪ್ರೆಸ್‌ವೇಲಿ ಲಿಮಿಟ್ಟೇ ನೂರು ಗುರು. ನಿನ್ನ ಸಸ್ಪೆನ್ಶನ್ ಅಲ್ಲ ಕುಣೀತಿರೋದು, ಕ್ಯಾಮೆರಾ.

ಟಿಎಸ್‌ಐ_ತಮ್ಮಣ್ಣ
ತೊಂಬತ್ತೊಂಬತ್ತು ಅಂತ ಓದ್ಕೊಳ್ಳಿ ಸಾರ್.

ಘಾಟಿ_ಭಟ್ಟ (ಪುತ್ತೂರು)
82 ಸಾವಿರ ಆಗಿದೆ, ಶಾಕ್ಸ್ ಹಳೇದೇ ಅಂತೀರಿ, ಮತ್ತೆ ಎಂತ ಸ್ಪ್ರಿಂಗ್ ಮಾರಾಯ್ರೆ? ಎರಡು ಸಲ ಕುಣಿದು ನಿಲ್ಲುವುದು ಅಂದ್ರೆ ಶಾಕ್ಸ್ ಸತ್ತಿದೆ ಅಂತಲೇ ಅರ್ಥ. ಮೊದಲು ಹಿಂದಿನ ಚಕ್ರ ಬಿಚ್ಚಿ ಶಾಕ್ಸ್ ಮೈಮೇಲೆ ಎಣ್ಣೆ ಪಸೆ ಉಂಟಾ ನೋಡಿ. ಧೂಳು ಮೆತ್ತಿಕೊಂಡು ಕಪ್ಪಗೆ ಒದ್ದೆ ಇದ್ದರೆ ಅಲ್ಲಿಗೆ ಮುಗಿಯಿತು. ಸತ್ತ ಶಾಕ್ಸ್ ಮೇಲೆ ಗಟ್ಟಿ ಸ್ಪ್ರಿಂಗ್ ಹಾಕಿದ್ರೆ ಎರಡು ಸಲ ಕುಣಿಯುವುದು ನಾಲ್ಕು ಸಲ ಕುಣಿಯುತ್ತದೆ, ಅಷ್ಟೇ.

ಗುಂಡಿಗಣತಿ (ಬೆಂಗಳೂರು)
ನಮ್ಮ ರಸ್ತೆಗೆ ಇಳಿಸೋದಲ್ಲ, 35 ಮಿ.ಮೀ. ಏರಿಸೋ ಸ್ಪ್ರಿಂಗ್ ಇದ್ರೆ ಹೇಳಿ, ನಾನೇ ಮೊದಲು ತಗೋತೀನಿ.

ಪುಂಟೋ_ಪುರಾಣ (ಮೈಸೂರು)
ಬಂತಪ್ಪ "ನಮ್ಮ ರಸ್ತೆಗೆ" ಅನ್ನೋ ರಾಗ. ಫಿಯಟ್‌ನ ಅಬಾರ್ತ್ ಪುಂಟೋ 2015ರಲ್ಲಿ ಕಂಪನಿಯಿಂದಲೇ 155 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್‌ನಲ್ಲಿ (ಗಾಡಿ ಹೊಟ್ಟೆಗೂ ನೆಲಕ್ಕೂ ನಡುವಿನ ಜಾಗ) ಬಂತು. 145 ಎಚ್‌ಪಿ, ಇದೇ ರಸ್ತೆ, ಇದೇ ಹಂಪು. ನಾನು ಇವತ್ತಿಗೂ ಓಡಿಸ್ತಿದ್ದೀನಿ. ಹಂಪು ಕಂಡಾಗ ಕಾಲು ಬ್ರೇಕ್ ಮೇಲೆ ಇರಬೇಕು, ಗಾಡಿ ಓರೆ ಮಾಡಿ ಹತ್ತಿಸ್ಬೇಕು. ಓಡಿಸೋಕೆ ಬರಬೇಕು ಅಷ್ಟೆ.

ಗುಂಡಿಗಣತಿ
155 ಇಟ್ಕೊಂಡು ನೀವು ಸುಖವಾಗಿರಿ ಸಾರ್. ಪೋಲೋ ಇರೋದು 165, ಇವರು 35 ಕಳೆದ್ರೆ 130 ಉಳೀತು. ಅದೂ ಕಾಗದದ ಮೇಲೆ. ಹಿಂದೆ ಮೂರು ಜನ ಕೂತು ಡಿಕ್ಕಿಯಲ್ಲಿ ಒಂದು ಅಕ್ಕಿ ಮೂಟೆ ಇಟ್ಟರೆ ಎಷ್ಟು ಉಳಿಯುತ್ತೆ ಲೆಕ್ಕ ಹಾಕಿ.

ಲಿಂಕ್‌ರಾಡ್
ಲೆಕ್ಕ ಹಾಕೋದು ನನ್ನ ಚಟ, ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.
ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 99 ಪ್ರಕಾರ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಕಮಾನು ಇರಬೇಕು. ಪೋಲೋ ವೀಲ್‌ಬೇಸ್ (ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರೋ ದೂರ) ಎರಡೂವರೆ ಮೀಟರಿಗೆ ಸ್ವಲ್ಪ ಕಮ್ಮಿ. ಅಂದ್ರೆ ಗಾಡಿಯ ನಡುಭಾಗ ಹಂಪಿನ ನೆತ್ತಿ ಮೇಲೆ ಬಂದಾಗ ನಾಲ್ಕೂ ಚಕ್ರ ಅದೇ ಹಂಪಿನ ಮೇಲೇ ಇರುತ್ವೆ. ಚಕ್ರ ನಿಂತ ಜಾಗಕ್ಕೂ ನೆತ್ತಿಗೂ ಎತ್ತರದ ವ್ಯತ್ಯಾಸ ಬರೋದು ಸುಮಾರು 45 ಮಿ.ಮೀ. ಮಾತ್ರ. 130 ಏನು, 100 ಇದ್ರೂ ತಾಗಲ್ಲ.
ತಾಗೋದು ಯಾಕೆ? ನಮ್ಮ ಬೀದಿಲಿ ರಾತ್ರೋರಾತ್ರಿ ಜಲ್ಲಿ ಸುರಿದು ಮಾಡೋ ಹಂಪು ಒಂದು ಮೀಟರ್ ಅಗಲ ಇದ್ರೆ ಹೆಚ್ಚು. ಆಗ ಮುಂದಿನ ಚಕ್ರ ಆ ಕಡೆ, ಹಿಂದಿನದು ಈ ಕಡೆ, ಎರಡೂ ಸಮತಟ್ಟು ನೆಲದಲ್ಲಿ. ಹಂಪಿನ ಪೂರ್ತಿ ಎತ್ತರ ನೇರವಾಗಿ ಹೊಟ್ಟೆಗೆ. 15 ಸೆಂ.ಮೀ. ಕಟ್ಟಿದ್ರೆ 130ಕ್ಕೆ ತಾಗೇ ತಾಗುತ್ತೆ, ನೀವು ಓರೆ ಹತ್ತಿಸಿ, ದೇವರ ಹೆಸರು ಹೇಳಿ, ಏನೇ ಮಾಡಿ.

ಗುಂಡಿಗಣತಿ
ಇಷ್ಟು ದಿನ ಬೈತಿದ್ದೆ, ಈಗ ಲೆಕ್ಕ ಸಮೇತ ಬೈಬಹುದು. ಥ್ಯಾಂಕ್ಸ್.

ಹುಬ್ಬಳ್ಳಿ_ಹೈವೇ
ನಮ್ಮ ಏರಿಯಾದಾಗ ಹಂಪ್ ಹಾಕಿದ ಮ್ಯಾಲೆ ಅದಕ್ಕ ಬಿಳಿ ಪಟ್ಟಿ ಬಳಿಯೂದ ಮರತಾರ್ರಿ. ರಾತ್ರಿ ಕಾಣಂಗೇ ಇಲ್ಲ. ಲೆಕ್ಕ ಮಾಡೂದಕ್ಕಿಂತ ಮೊದಲ ಹಾರೇ ಬಿಟ್ಟಿರತೇವಿ.

ಲಿಂಕ್‌ರಾಡ್
ಮೂಲ ಪ್ರಶ್ನೆಗೆ ಬರ್ತೀನಿ. ಭಟ್ಟರು ಹೇಳಿದ್ದು ನೂರಕ್ಕೆ ನೂರು ಸರಿ, ಕಾರಣ ಮಾತ್ರ ಸೇರಿಸ್ತೀನಿ. ಸ್ಪ್ರಿಂಗ್ ಕೆಲಸ ಭಾರ ಹೊರೋದು, ಕುಣಿತ ನಿಲ್ಲಿಸೋದು ಶಾಕ್ಸ್ ಕೆಲಸ. ಲೋವರಿಂಗ್ ಸ್ಪ್ರಿಂಗ್ ಗಿಡ್ಡ ಇರೋದರಿಂದ ಗಾಡಿ ಕೆಳಗೆ ತಾಗದಿರಲಿ ಅಂತ ಅದನ್ನ ಗಟ್ಟಿ ಮಾಡಿರ್ತಾರೆ. ಉದಾಹರಣೆಗೆ 30 ಶೇಕಡಾ ಗಟ್ಟಿ ಇದ್ರೆ ಗಾಡಿ ಕುಣಿಯೋ ವೇಗ ಸುಮಾರು 14 ಶೇಕಡಾ ಹೆಚ್ಚಾಗುತ್ತೆ, ವರ್ಗಮೂಲದ ಲೆಕ್ಕ. ಅದುಮಿದ ಸ್ಪ್ರಿಂಗ್ ವಾಪಸ್ ಚಿಮ್ಮೋದನ್ನ ಹಿಡಿಯೋಕೆ ಶಾಕ್ಸ್‌ಗೆ ಜಾಸ್ತಿ ರೀಬೌಂಡ್ ಹಿಡಿತ ಬೇಕು. ಹೊಸ ಕಂಪನಿ ಶಾಕ್ಸ್‌ಗೇ ಅದು ಕಷ್ಟ, ನಿಮ್ಮದು 82 ಸಾವಿರ ಓಡಿ ಸುಸ್ತಾಗಿರೋದು.
ಎರಡನೇದು ಬಂಪ್ ಸ್ಟಾಪ್. ಶಾಕ್ಸ್ ರಾಡಿನ ಮೇಲಿರುತ್ತಲ್ಲ ಫೋಮ್ ಥರದ್ದು, ಅದೇ. ಗಾಡಿ 35 ಇಳಿದ್ರೆ ಅದಕ್ಕೆ ತಾಗೋ ಮುಂಚೆ ಸಿಗೋ ಜಾಗವೂ 35 ಕಮ್ಮಿ. ಸಣ್ಣ ಗುಂಡಿಗೂ ಡಬ್ ಅಂತ ಹೊಡೆಯೋದು ಅದಕ್ಕೇ. ಜನ "ಲೋವರಿಂಗ್ ಹಾಕ್ಸಿದ್ರೆ ಗಾಡಿ ಗಡಸು" ಅಂತಾರೆ. ಎಷ್ಟೋ ಸಲ ಅದು ಸ್ಪ್ರಿಂಗಿನ ಗಡಸಲ್ಲ, ಬಂಪ್ ಸ್ಟಾಪ್ ಮೇಲೆ ಕೂತ್ಕೊಂಡು ಓಡಾಡ್ತಿರೋದು.

ಮಂಡ್ಯ_ಟರ್ಬೊ
ಇಷ್ಟೆಲ್ಲ ಯಾಕ್ಲಾ? ನಮ್ಮೂರ್ ಗ್ಯಾರೇಜಲ್ಲಿ ಕಂಪನಿ ಸ್ಪ್ರಿಂಗ್‌ನೇ ಒಂದೂವರೆ ಸುತ್ತು ಕಟ್ ಮಾಡ್ಕೊಡ್ತಾರೆ. ಅರ್ಧ ದಿನದ ಕೆಲ್ಸ. ನನ್ ಫ್ರೆಂಡ್ ಸ್ವಿಫ್ಟು ಎರಡು ವರ್ಸದಿಂದ ಓಡ್ತಾ ಅದೆ.

ಲಿಂಕ್‌ರಾಡ್
ದಯವಿಟ್ಟು ಬೇಡ. ಗ್ಯಾಸ್‌ನಲ್ಲಿ ಕಟ್ ಮಾಡಿದ್ರೆ ಆ ಜಾಗದಲ್ಲಿ ಉಕ್ಕಿನ ಹದ ಹೋಗುತ್ತೆ. ಕಟಿಂಗ್ ವೀಲ್‌ನಲ್ಲಿ ಮಾಡಿದ್ರೂ ಸ್ಪ್ರಿಂಗಿನ ತುದಿ ಕಪ್‌ನಲ್ಲಿ ಸರಿಯಾಗಿ ಕೂರಲ್ಲ. ಪೋಲೋದಲ್ಲಿ ಇನ್ನೊಂದು ಅಪಾಯ ಇದೆ. ಹಿಂದೆ ಟಾರ್ಶನ್ ಬೀಮ್ (ಎರಡೂ ಚಕ್ರ ಸೇರಿಸೋ ಒಂದೇ ತೊಲೆ), ಸ್ಪ್ರಿಂಗ್ ಬೇರೆ, ಶಾಕ್ಸ್ ಬೇರೆ. ಒಂದು ಚಕ್ರ ಗುಂಡಿಗಿಳಿದು ಪೂರ್ತಿ ಜೋತುಬಿದ್ದಾಗ ಗಿಡ್ಡ ಸ್ಪ್ರಿಂಗ್ ಜಾಗ ಬಿಟ್ಟು ಸರಿದ್ರೆ? ಒಳ್ಳೇ ಕಂಪನಿಯ ಸ್ಪ್ರಿಂಗಲ್ಲಿ ಒಂದು ತುದಿಗೆ ಒತ್ತೊತ್ತಾಗಿ ಮೆದು ಸುತ್ತು ಕೊಟ್ಟಿರೋದು ಸುಮ್ಮನೆ ಅಲ್ಲ. ಗಾಡಿ ನಿಂತಾಗ ಅವು ಒಂದಕ್ಕೊಂದು ಅಂಟಿರುತ್ವೆ, ಚಕ್ರ ಜೋತಾಗ ಬಿಚ್ಕೊಂಡು ಸ್ಪ್ರಿಂಗನ್ನ ಜಾಗದಲ್ಲಿ ಹಿಡಿದಿಡುತ್ವೆ.

ಮಂಡ್ಯ_ಟರ್ಬೊ
ಸರಿ ಬುಡಣ್ಣ, ಹೇಳ್ದೆ ಅಷ್ಟೆ. ಅವ್ನ ಸ್ವಿಫ್ಟ್ ಹಿಂದ್ಗಡೆ ಟಣ್ ಟಣ್ ಅಂತದೆ, ಯಾಕೆ ಅಂತ ಈಗ ಗೊತ್ತಾಯ್ತು.

ಹುಬ್ಬಳ್ಳಿ_ಹೈವೇ
ನಮ್ಮಪ್ಪ ಬಸ್ ಡಿಪೋದಾಗ ಮೆಕ್ಯಾನಿಕ್ ಇದ್ದರು. ಪಾಟಾ (ಬಸ್ಸಿನ ಸ್ಪ್ರಿಂಗ್ ಪಟ್ಟಿ) ಒಡದರ ಒಂದ ಪಾಟಾ ಬದಲಿ ಮಾಡತಿದ್ದಿಲ್ಲ, ಎರಡೂ ಕಡೆ ಬಿಚ್ಚಸೋರು. ಶಾಕ್ಸ್ ಬದಲಿ ಮಾಡೂದಿದ್ರ ಜೋಡಿನೇ ಮಾಡ್ರಿ, ಎಡಕ್ಕ ಹೊಸಾದು ಬಲಕ್ಕ ಹಳೇದು ಅಂತ ಅರ್ಧಾಮರ್ಧ ಬ್ಯಾಡ.

ಸ್ಟುಟ್‌ಗಾರ್ಟ್_ಸೋಮು
ಜರ್ಮನಿಯಿಂದ ಒಂದು ಮಾತು. ಮೂಲ ಊರು ಅರಸೀಕೆರೆ, ಇಲ್ಲಿ ನನ್ನ ಹತ್ರ ಪೋಲೋ ಇದೆ. ಇಲ್ಲಿ ಸ್ಪ್ರಿಂಗ್ ಹಾಕೋದು ಸುಲಭ, ಪೇಪರ್ ಮಾಡಿಸೋದೇ ಹಬ್ಬ. ಸ್ಪ್ರಿಂಗ್ ಜೊತೆ "ಟೈಲೆಗುಟಾಖ್ಟನ್" ಅಂತ ಒಂದು ಪ್ರಮಾಣಪತ್ರ ಬರುತ್ತೆ. ಹಾಕಿದ ಕೂಡಲೇ ಟ್ಯೂಫ್ ಥರದ ತಪಾಸಣಾ ಕೇಂದ್ರಕ್ಕೆ ಹೋಗಿ, ಅವರು ಅಳತೆ ನೋಡಿ ಸೈ ಅಂದ್ಮೇಲೇ ಅದು ಕಾನೂನುಬದ್ಧ. ಹಾಗೇ ಓಡಾಡಿ ಸಿಕ್ಕಿಬಿದ್ರೆ ಗಾಡಿಯ ರಸ್ತೆ ಪರವಾನಗಿಗೇ ಕುತ್ತು.
ತಮ್ಮಣ್ಣನವರಿಗೆ ಮುಖ್ಯ ವಿಷಯ: ಡಬ್ಬದ ಮೇಲೆ ಬರೆದಿರೋ 30 ಅಥವಾ 35 ಮಿ.ಮೀ. ಅನ್ನೋದು ಯುರೋಪಿನ ಗಾಡಿಯ ಎತ್ತರದಿಂದ ಲೆಕ್ಕ. ಭಾರತದ ಪೋಲೋನ ಕಂಪನಿಯವರೇ ಎತ್ತರಿಸಿ ಕಳಿಸಿದ್ದು. ಹಾಗಾಗಿ ಅದೇ ಸ್ಪ್ರಿಂಗ್ ಅಲ್ಲಿ ಇನ್ನೂ ಜಾಸ್ತಿ ಇಳಿಯುತ್ತೆ. ಜೊತೆಗೆ ಎಂಜಿನ್ ತೂಕದ ಪ್ರಕಾರ ಮುಂದಿನ ಸ್ಪ್ರಿಂಗ್ ನಂಬರ್ ಬೇರೆ ಬೇರೆ. ಡೀಸೆಲ್‌ನದು ತಂದು ಪೆಟ್ರೋಲ್‌ಗೆ ಹಾಕಿದ್ರೆ ಮೂತಿ ಮೇಲೆ, ಹಿಂಭಾಗ ಕೆಳಗೆ, ನಾಯಿ ಕೂತ ಹಾಗೆ ಕಾಣುತ್ತೆ. ಸೆಕೆಂಡ್ ಹ್ಯಾಂಡ್ ಸ್ಪ್ರಿಂಗ್ ಮೇಲಿನ ನಂಬರ್ ಒಮ್ಮೆ ಓದಿ.

ಟಿಎಸ್‌ಐ_ತಮ್ಮಣ್ಣ
ಅಯ್ಯೋ. ಮಾರೋರದ್ದು ಟಿಡಿಐ, ಡೀಸೆಲ್. ಫೋನ್ ಮಾಡಿ ಬೇಡ ಅಂದೆ.

ಮೂರನೇಗೇರ್
ಈ ಒಂದು ರಿಪ್ಲೈಗೆ ಸೋಮು ಅವರಿಗೆ ಅರಸೀಕೆರೆ ಸ್ಟೇಷನ್ ಇಡ್ಲಿ ವಡೆ ಪಾರ್ಸಲ್.

ಸ್ಟುಟ್‌ಗಾರ್ಟ್_ಸೋಮು
ಹೊಟ್ಟೆ ಉರಿಸಬೇಡಿ. ಇಲ್ಲಿ ಈಗ ಮೈನಸ್ ಎರಡು, ಊಟಕ್ಕೆ ಬ್ರೆಡ್ಡು.

ವಕೀಲ_ಅಲ್ಲ
ಇಲ್ಲಿನ ಕಾನೂನು ಯಾರೂ ಎತ್ತಲಿಲ್ಲ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52: ಆರ್‌ಸಿಯಲ್ಲಿರೋ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ತಿದ್ದುಪಡಿಯಲ್ಲಿ ಸೆಕ್ಷನ್ 182ಎ ಬಂತು. ಅನುಮತಿ ಇಲ್ಲದ ಬದಲಾವಣೆಗೆ ಓನರ್‌ಗೆ ಆರು ತಿಂಗಳವರೆಗೆ ಸಜೆ, ಇಲ್ಲವೇ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ.

ಪುಂಟೋ_ಪುರಾಣ
ಆರ್‌ಸಿಯಲ್ಲಿ ವೀಲ್‌ಬೇಸ್ ಇದೆ, ತೂಕ ಇದೆ, ಬಣ್ಣ ಇದೆ. ನೆಲದಿಂದ ಎಷ್ಟು ಎತ್ತರ ಅಂತ ಎಲ್ಲಿದೆ ತೋರಿಸಿ.

ವಕೀಲ_ಅಲ್ಲ
ಆ ವಾದ ನಾನು ಒಪ್ಪಬಹುದು, ಆಕ್ಸಿಡೆಂಟ್ ಆದ ದಿನ ಇನ್ಶೂರೆನ್ಸ್ ಸರ್ವೇಯರ್ ಒಪ್ಪಬೇಕಲ್ಲ. ಹಾಕ್ಸೋ ಮುಂಚೆ ಇನ್ಶೂರೆನ್ಸ್‌ನವರಿಗೆ ಮೇಲ್ ಮಾಡಿ, ಉತ್ತರ ಇಟ್ಕೊಳ್ಳಿ. ಕಂಪನಿ ಅಳತೆಯ ಶಾಕ್ಸ್ ಬದಲಾಯಿಸೋದು ರಿಪೇರಿ, ಅದಕ್ಕೆ ಯಾರೂ ಕೇಳಲ್ಲ. ಇಳಿಸೋದು ಬೇರೆ ಕತೆ.

ಕಾಫಿತೋಟ (ಮೂಡಿಗೆರೆ)
ಪುಂಟೋ ಅವರೇ, ಒಂದು ಅನುಮಾನ. ಇಲ್ಲಿ ರ‍್ಯಾಲಿಗೆ ಬರೋ ಪೋಲೋಗಳನ್ನ ವರ್ಷಾ ನೋಡ್ತೀನಿ. ಅವು ನೆಲಕ್ಕೆ ಅಂಟ್ಕೊಂಡಿರಲ್ಲ, ಎತ್ತರಕ್ಕೇ ಇರುತ್ವೆ. ಆದ್ರೂ ತೋಟದ ಮಣ್ಣು ರಸ್ತೇಲಿ ನಿಮ್ಮೆಲ್ಲರಿಗಿಂತ ಜೋರಾಗಿ ತಿರುಗುತ್ವೆ. ಹಾಗಾದ್ರೆ ಇಳಿಸಿದ್ರೆ ಮಾತ್ರ ಹ್ಯಾಂಡ್ಲಿಂಗ್ ಅನ್ನೋದು ಎಲ್ಲಿಯ ಶಾಸ್ತ್ರ?

ಪುಂಟೋ_ಪುರಾಣ
ಮಣ್ಣು ಬೇರೆ, ಡಾಂಬರು ಬೇರೆ ಕಣ್ರೀ. ಕೊಯಮತ್ತೂರಿನ ಕರಿ ಟ್ರ್ಯಾಕಲ್ಲಿ ಎತ್ತರದ ಗಾಡಿ ತಂದು ತಿರುಗಿಸಿ ನೋಡಿ. ಭಾರದ ಕೇಂದ್ರ ಕೆಳಗೆ ಬಂದಷ್ಟೂ ವಾಲೋದು ಕಮ್ಮಿ, ಇದು ಹೈಸ್ಕೂಲ್ ಫಿಸಿಕ್ಸ್.

ಲಿಂಕ್‌ರಾಡ್
ಹೈಸ್ಕೂಲ್ ಮುಗಿಸಿ ಮುಂದೆ ಹೋದ್ರೆ ಸ್ವಲ್ಪ ತಲೆನೋವಿದೆ. ಪೋಲೋ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದ್ರೆ ಸ್ಪ್ರಿಂಗು ಶಾಕ್ಸು ಒಂದೇ ಕಂಬದಲ್ಲಿ. ಗಾಡಿ ಇಳಿಸಿದಾಗ ಲೋವರ್ ಆರ್ಮ್ (ಚಕ್ರವನ್ನ ಗಾಡಿಗೆ ಹಿಡಿದಿಡೋ ಕೆಳಗಿನ ತೋಳು) ಸಮತಟ್ಟಾಗಿ, ಇನ್ನೂ ಇಳಿಸಿದ್ರೆ ಚಕ್ರದ ಕಡೆ ಮೇಲೇಳುತ್ತೆ. ಆಗ ಗಾಡಿ ಯಾವ ಬಿಂದುವಿನ ಸುತ್ತ ವಾಲುತ್ತೋ ಆ ರೋಲ್ ಸೆಂಟರ್ ಭಾರದ ಕೇಂದ್ರಕ್ಕಿಂತ ಬೇಗ ಕೆಳಗೆ ಹೋಗುತ್ತೆ. ಎರಡರ ನಡುವಿನ ಅಂತರ ಜಾಸ್ತಿ ಆದ್ರೆ ವಾಲಿಸೋ ಸನ್ನೆ ಉದ್ದ ಆಯ್ತು ಅಂತಲೇ. ಸ್ಪ್ರಿಂಗ್ ಗಟ್ಟಿ ಇರೋದ್ರಿಂದ ವಾಲೋದು ಕಮ್ಮಿ ಅನ್ಸುತ್ತೆ, ಇಳಿಸಿದ್ದರಿಂದ ಅಲ್ಲ. 20–25 ಮಿ.ಮೀ. ಒಳಗೆ ಇದ್ರೆ ಪರವಾಗಿಲ್ಲ. 50 ಇಳಿಸಿ ಫೋಟೋ ಹಾಕೋರ ಗಾಡಿ ಫೋಟೋಗೇ ಚೆನ್ನ.

ಪುಂಟೋ_ಪುರಾಣ
ಇದು ನನಗೆ ಗೊತ್ತಿರಲಿಲ್ಲ. ಆದ್ರೂ ಅಬಾರ್ತ್ ಚೆನ್ನಾಗೇ ತಿರುಗುತ್ತೆ.

ಘಾಟಿ_ಭಟ್ಟ
ಒಪ್ಪಿಕೊಂಡ ಹಾಗೂ ಆಯಿತು, ಬಿಡಲಿಲ್ಲ ಕೂಡ. ಒಳ್ಳೆ ವಾದ ಉಂಟು.

ಟಿಎಸ್‌ಐ_ತಮ್ಮಣ್ಣ
ನಿನ್ನೆ ಲಿಫ್ಟ್ ಮೇಲೆ ಹಾಕಿಸಿ ನೋಡಿದೆ. ಭಟ್ಟರ ಬಾಯಿಗೆ ಸಕ್ಕರೆ ಹಾಕ್ಬೇಕೋ ಬೇವು ಹಾಕ್ಬೇಕೋ ಗೊತ್ತಿಲ್ಲ. ಹಿಂದಿನ ಎಡ ಶಾಕ್ಸ್ ಪೂರ್ತಿ ಒದ್ದೆ. ಮುಂದಿನ ಬಲ ಲೋವರ್ ಆರ್ಮಿನ ರಬ್ಬರ್ ಬುಷ್ ಹರಿದಿದೆ, ಬೆರಳು ತೂರುತ್ತೆ. ವಾಲೋದನ್ನ ತಡೆಯೋ ಬಾರಿಗೆ ಸೇರಿಸೋ ಲಿಂಕ್ ರಾಡ್ ಎರಡೂ ಲೊಡಲೊಡ. ಅಂದ್ರೆ ಸ್ಪ್ರಿಂಗ್ ಹಾಕ್ಸಿದ್ರೂ ಅದೇ ವಾಲಾಟ ಇರ್ತಿತ್ತು. ಈಗ ಪೂರ್ತಿ ಕೆಲಸ ಮಾಡ್ಸೋಣ ಅಂತ. ಬಿಲ್‌ಸ್ಟೀನ್ ಶಾಕ್ಸ್‌ನಲ್ಲಿ ಬಿ4, ಬಿ6, ಬಿ8 ಅಂತ ಇದೆ. ಏನು ವ್ಯತ್ಯಾಸ?

ಸ್ಟುಟ್‌ಗಾರ್ಟ್_ಸೋಮು
ಬಿ4 ಅಂದ್ರೆ ಕಂಪನಿಯದಕ್ಕೆ ಬದಲಿ, ಹೆಚ್ಚುಕಮ್ಮಿ ಅದೇ ಗುಣ. ಬಿ6 ಗ್ಯಾಸ್ ಒತ್ತಡದ್ದು, ಗಟ್ಟಿ, ಆದ್ರೆ ಕಂಪನಿ ಎತ್ತರದ ಸ್ಪ್ರಿಂಗ್‌ಗೆ. ಬಿ8 ಅದೇ ಜಾತಿ, ರಾಡು ಗಿಡ್ಡ, ಇಳಿಸಿದ ಗಾಡಿಗೆ ಅಂತಲೇ ಮಾಡಿದ್ದು. ಇಳಿಸಲ್ಲ ಅಂದ್ರೆ ಬಿ6, ಇಳಿಸ್ತೀನಿ ಅಂದ್ರೆ ಬಿ8. ಬಿ8 ತಂದು ಕಂಪನಿ ಸ್ಪ್ರಿಂಗ್ ಹಾಕೋ ಸಾಹಸ ಬೇಡ.

ಕಾಫಿತೋಟ
ನನ್ನ ಮತ ಬಿ6. ಎತ್ತರ ಹಾಗೇ ಇರ್ಲಿ. ಮಳೆಗಾಲ ಒಂದು ಬರ್ಲಿ, ಆಮೇಲೆ ನೆನಸ್ಕೋತೀರಿ.

ಮೂರನೇಗೇರ್
ಜಿಟಿ ಅಂತ ಬೋರ್ಡ್ ಹಾಕ್ಕೊಂಡು ಚಕ್ರಕ್ಕೂ ಫೆಂಡರ್‌ಗೂ ಮಧ್ಯೆ ತೆಂಗಿನಕಾಯಿ ತೂರೋ ಜಾಗ ಬಿಟ್ಟಿದ್ರೆ ಹೇಗೆ? ಇಳಿಸಿ ತಮ್ಮಣ್ಣ, ಇಳಿಸಿ.

ಲಿಂಕ್‌ರಾಡ್
ಯಾವುದೇ ಹಾಕ್ಸಿ, ಗ್ಯಾರೇಜಲ್ಲಿ ನಿಂತು ನೋಡಬೇಕಾದ್ದು ಹೇಳ್ತೀನಿ. ಸ್ಟ್ರಟ್ ಬಿಚ್ಚಿದಾಗ ಮೇಲಿನ ಮೌಂಟಿಂಗ್, ಬೇರಿಂಗ್, ಬಂಪ್ ಸ್ಟಾಪ್, ಡಸ್ಟ್ ಕವರ್ ಹೊಸದು ಹಾಕ್ಸಿ. ನಾಳೆ ಮೌಂಟಿಂಗ್ ಹೋದ್ರೆ ಅದೇ ಕೂಲಿ ಇನ್ನೊಮ್ಮೆ ಕೊಡಬೇಕು. ಜೆ.ಸಿ. ರೋಡಲ್ಲಿ ಇವೆಲ್ಲ ಒಂದೇ ದಿನದಲ್ಲಿ ಸಿಗುತ್ವೆ, ಡಬ್ಬ ಒರಿಜಿನಲ್ಲಾ ಅಂತ ಮಾತ್ರ ಎರಡು ಸಲ ನೋಡಿ. ಒಮ್ಮೆ ಬಿಗಿದ್ರೆ ಮತ್ತೆ ಉಪಯೋಗಿಸಬಾರದ ಬೋಲ್ಟ್‌ಗಳಿರುತ್ವೆ, ಅವನ್ನೂ ಹೊಸದೇ ತನ್ನಿ.
ಎಲ್ಲಕ್ಕಿಂತ ಮುಖ್ಯ: ಲೋವರ್ ಆರ್ಮ್ ಬುಷ್ ಬೋಲ್ಟನ್ನ ಚಕ್ರ ಗಾಳೀಲಿ ಜೋತಾಡ್ತಿರುವಾಗ ಪೂರ್ತಿ ಬಿಗಿಯೋಕೆ ಬಿಡಬೇಡಿ. ರಬ್ಬರ್ ಆ ಭಂಗಿಯಲ್ಲೇ ಕಚ್ಚಿಕೊಳ್ಳುತ್ತೆ, ಗಾಡಿ ನೆಲಕ್ಕಿಳಿದ ಮೇಲೆ ಇಪ್ಪತ್ನಾಲ್ಕು ಗಂಟೆ ತಿರುಚಿಕೊಂಡೇ ಇರುತ್ತೆ. ಕೆಲವೇ ತಿಂಗಳಲ್ಲಿ ಹರಿಯುತ್ತೆ. ಚಕ್ರದ ಮೇಲೆ ಭಾರ ಬಿದ್ದಾಗಲೇ ಕೊನೇ ಬಿಗಿ. ಹಿಂದಿನ ಬೀಮ್ ಬುಷ್ ಬಿಚ್ಚಿದ್ರೂ ಅದೇ ನಿಯಮ.

ಹುಬ್ಬಳ್ಳಿ_ಹೈವೇ
ಸ್ಪ್ರಿಂಗ್ ಕಂಪ್ರೆಸರ್ ಮುಂದ ಮಾರಿ ಇಟ್ಕೊಂಡು ನಿಂದರಬ್ಯಾಡ್ರಿ. ಮನ್ಯಾಗ ಮಾಡಕ ಅಂತೂ ಹೋಗಬ್ಯಾಡ್ರಿ. ಜಾರಿದ್ರ ಗ್ವಾಡಿ ಒಡೀತೈತಿ.

ಟಿಎಸ್‌ಐ_ತಮ್ಮಣ್ಣ
ಒಂದು ತಿಂಗಳ ಮೇಲೆ ಬರೀತಿದ್ದೀನಿ. ಬೈಬೇಡಿ, ಇಳಿಸಿದೆ.
ಬಿ8, ಜೊತೆಗೆ ಪೆಟ್ರೋಲ್ ನಂಬರಿನದೇ ಹೊಸ ಐಬಾಕ್ ಬ್ರ್ಯಾಂಡಿನ ಲೋವರಿಂಗ್ ಸ್ಪ್ರಿಂಗ್. ಲೋವರ್ ಆರ್ಮ್, ಲಿಂಕ್ ರಾಡ್, ಮೌಂಟಿಂಗ್ ಎಲ್ಲ ಹೊಸದು. ಇನ್ಶೂರೆನ್ಸ್‌ನವರಿಗೆ ಮೇಲ್ ಹಾಕಿದ್ದೆ, ಇನ್ನೂ ಉತ್ತರ ಇಲ್ಲ. ಗ್ಯಾರೇಜಿಗೆ ಬೆಳಗ್ಗೆ ಹತ್ತಕ್ಕೆ ಬಿಟ್ಟೆ, ಹೊರಗೆ ಬಂದಾಗ ರಾತ್ರಿ ಎಂಟು. ಮೇಸ್ತ್ರಿ ಒಳ್ಳೆಯವರು, ಆದ್ರೆ ಲಿಫ್ಟ್ ಮೇಲೇ ಬುಷ್ ಬೋಲ್ಟ್ ಬಿಗಿಯೋಕೆ ಕೈ ಹಾಕಿದ್ರು. "ಅಣ್ಣ, ನೆಲಕ್ಕಿಳಿಸಿ ಬಿಗಿಯೋಣ" ಅಂದೆ. "ಇಪ್ಪತ್ತು ವರ್ಷದಿಂದ ಹಿಂಗೇ ಮಾಡ್ತಿರೋದು" ಅಂದ್ರು. ನಾನು ಲಿಂಕ್‌ರಾಡ್ ಬರೆದಿದ್ದನ್ನ ಫೋನಲ್ಲಿ ತೆಗೆದು ಜೋರಾಗಿ ಓದಿದೆ. ಒಂದು ನಿಮಿಷ ಸುಮ್ಮನಿದ್ದು, ಚಕ್ರದ ಕೆಳಗೆ ಮರದ ತುಂಡು ಇಟ್ಟು ಗಾಡಿ ಇಳಿಸಿ, ಕೆಳಗೆ ತೂರ್ಕೊಂಡು ಬಿಗಿದ್ರು. ಹೋಗುವಾಗ "ಅದೆಲ್ಲಿ ಓದಿದ್ರಿ, ನನಗೂ ಕಳ್ಸಿ" ಅಂದ್ರು.
ಅಳತೆ: ಫೆಂಡರ್ ತುದಿಯಿಂದ ಚಕ್ರದ ನಡುವಿನವರೆಗೆ ಮುಂದೆ 38, ಹಿಂದೆ 34 ಮಿ.ಮೀ. ಇಳಿದಿದೆ. ಸೋಮು ಹೇಳಿದ್ದು ನಿಜ, ಡಬ್ಬದ ಮೇಲೆ ಇದ್ದದ್ದಕ್ಕಿಂತ ಜಾಸ್ತಿ. ಅಲೈನ್‌ಮೆಂಟ್ ಒಂದು ವಾರ ಓಡಿಸಿದ ಮೇಲೆ ಮಾಡಿಸಿದೆ, ಮುಂದಿನ ಟೋ ಹೊರಗೆ ಹೋಗಿತ್ತು, ಅಂದ್ರೆ ಚಕ್ರಗಳ ಮುಂತುದಿ ಹೊರಕ್ಕೆ ತಿರುಗಿತ್ತು. ಹಿಂದೆ ಬೀಮ್, ಅಲ್ಲಿ ಸರಿಪಡಿಸೋಕೆ ಏನೂ ಇಲ್ಲ.
ಓಡಿಸಿದ್ರೆ? ಫ್ಲೈಓವರ್ ಜಾಯಿಂಟಲ್ಲಿ ಒಂದೇ ಡಬ್, ಅಷ್ಟೇ, ಆಮೇಲೆ ಗಾಡಿ ತನ್ನ ಪಾಡಿಗೆ ತಾನು. ಸ್ಟೀರಿಂಗ್ ತಿರುಗಿಸಿದ ಕೂಡಲೇ ಮೂತಿ ತಿರುಗುತ್ತೆ, ಮೊದಲು ಒಂದು ಕ್ಷಣ ಯೋಚನೆ ಮಾಡ್ತಿತ್ತು. ಆದ್ರೆ ನಿಧಾನ ಹೋಗುವಾಗ ನಮ್ಮ ಬೀದಿಯ ಒಂದೊಂದು ಕಲ್ಲೂ ಬೆನ್ನಿಗೆ ಗೊತ್ತಾಗುತ್ತೆ. ಇನ್ನು ಅಪಾರ್ಟ್‌ಮೆಂಟ್ ಬೇಸ್‌ಮೆಂಟ್ ರ‍್ಯಾಂಪು: ಒಬ್ಬನೇ ಇದ್ರೆ ಬೆರಳಷ್ಟು ಜಾಗದಲ್ಲಿ ಪಾರು. ನಾಲ್ಕು ಜನ ಇದ್ರೆ ಕರ್ರ್ ಅಂತ ಸದ್ದು.

ಗುಂಡಿಗಣತಿ
ಹೇಳಿರಲಿಲ್ವಾ.

ಘಾಟಿ_ಭಟ್ಟ
ಅಮ್ಮ ಎಂತ ಹೇಳಿದ್ರು? ಅದು ಮುಖ್ಯ.

ಟಿಎಸ್‌ಐ_ತಮ್ಮಣ್ಣ
ಘಾಟಿಯಲ್ಲಿ ಹಿಡಿ ಬಿಟ್ಟು ಕಡಲೆಕಾಯಿ ತಿಂದ್ರು ಭಟ್ರೇ. ಮನೆ ಹತ್ರ ಮಾತ್ರ ಗೇಟಲ್ಲೇ ಇಳಿದು, ಚೀಲ ಹಿಡ್ಕೊಂಡು ರ‍್ಯಾಂಪ್ ಪಕ್ಕ ನಡ್ಕೊಂಡು ಬರ್ತಾರೆ. "ಇಷ್ಟು ದುಡ್ಡು ಕೊಟ್ಟು ನಡೆಯೋ ಹಾಗೆ ಮಾಡ್ಕೊಂಡ್ಯಲ್ಲೋ" ಅಂತ ವಾಚ್‌ಮನ್ ಎದುರಿಗೇ ಅಂದ್ರು.

ಕಾಫಿತೋಟ
ಕಂಪನಿ ಸ್ಪ್ರಿಂಗ್ ಮಾರಿಬಿಟ್ರಾ?

ಟಿಎಸ್‌ಐ_ತಮ್ಮಣ್ಣ
ಇಲ್ಲ. ಗ್ರೀಸ್ ಸವರಿ, ಪೇಪರ್ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೀನಿ. ಜೂನ್ ಬರ್ಲಿ ನೋಡೋಣ.

ಲಿಂಕ್‌ರಾಡ್
ಆ ಸ್ಪ್ರಿಂಗ್ ವಾಪಸ್ ಹಾಕೋದಾದ್ರೆ ಬಿ8 ತೆಗೀಬೇಕು, ಮರೀಬೇಡಿ.

ಟಿಎಸ್‌ಐ_ತಮ್ಮಣ್ಣ
ಅದನ್ನ ಅಮ್ಮನಿಗೆ ಇನ್ನೂ ಹೇಳಿಲ್ಲ.